ಹಾಡಿನಲ್ಲಿ ಕಂಡ ಸಂಸ್ಥಾಪಕರು



ಅಮೆರಿಕದ ನಾಯಕರೆಲ್ಲ 1776ರ ಜುಲೈ 4ರಂದು ಒಂದೇ ಸಭೆಯಲ್ಲಿ, ಒಬ್ಬರ ಹಿಂದೊಬ್ಬರು ಎದ್ದು ಬಂದು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರೆಂಬ ಚಿತ್ರ ಬಹಳ ಜನರ ಮನಸ್ಸಿನಲ್ಲಿದೆ. ನಡೆದದ್ದು ಹಾಗಲ್ಲ. ಸ್ವಾತಂತ್ರ್ಯದ ನಿರ್ಣಯ ಜುಲೈ 2ರಂದು ಆಯಿತು, ಘೋಷಣೆಯ ಪಠ್ಯಕ್ಕೆ 4ರಂದು ಒಪ್ಪಿಗೆ ದೊರೆಯಿತು, ಹೆಚ್ಚಿನವರು ಸಹಿ ಮಾಡಿದ್ದು ಆಗಸ್ಟ್ 2ರಂದು. ಆ ತಪ್ಪು ಚಿತ್ರಕ್ಕೆ ಬಣ್ಣ ತುಂಬಿದವುಗಳಲ್ಲಿ, 1969ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ '1776' ಎಂಬ ಸಂಗೀತ ನಾಟಕವೂ ಒಂದು. ಅದರ ಹಾಡುಗಳನ್ನು ರಚಿಸಿದ ಶೆರ್ಮನ್ ಎಡ್ವರ್ಡ್ಸ್ ಹಿಂದೆ ಇತಿಹಾಸದ ಮೇಷ್ಟರಾಗಿದ್ದವರು!

ತಾರೀಖಿನ ತಪ್ಪನ್ನು ಮನ್ನಿಸಬಹುದು. ಅದೇ ನಾಟಕದ ಇನ್ನೊಂದು ದೃಶ್ಯವನ್ನು ನೋಡಿ. ಜೆಫರ್ಸನ್ ತಮ್ಮ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿದ್ದರು. ಸಭೆ ಆ ಭಾಗವನ್ನು ಹೊಡೆದುಹಾಕಿತು. ನಾಟಕ ಇದನ್ನು ಮುಚ್ಚಿಡುವುದಿಲ್ಲ. ದಕ್ಷಿಣದ ಪ್ರತಿನಿಧಿ ರಟ್ಲೆಜ್ ಎದ್ದುನಿಂತು, ಗುಲಾಮರನ್ನು ಹಡಗಿನಲ್ಲಿ ಸಾಗಿಸಿ ಹಣ ಮಾಡಿಕೊಂಡವರು ಉತ್ತರದ ನೀವೇ ಅಲ್ಲವೇ ಎಂದು ಹಾಡಿನಲ್ಲಿ ಚುಚ್ಚುತ್ತಾನೆ. ಇದು ನಿಜಕ್ಕೆ ಹತ್ತಿರ. ಉತ್ತರದವರಿಗೂ ಆ ಮಾತು ರುಚಿಸಲಿಲ್ಲವೆಂದು ಜೆಫರ್ಸನ್ ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಆದರೆ ಅದೇ ದೃಶ್ಯದಲ್ಲಿ ನಾಟಕದ ಜೆಫರ್ಸನ್, ತನ್ನ ಗುಲಾಮರನ್ನು ಬಿಡುಗಡೆ ಮಾಡಲು ತಾನು ಈಗಾಗಲೇ ನಿರ್ಧರಿಸಿದ್ದೇನೆ ಎನ್ನುತ್ತಾನೆ. ನಿಜವಾದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು. ಬಿಡುಗಡೆ ಮಾಡಿದ್ದು ಬೆರಳೆಣಿಕೆಯಷ್ಟು ಮಂದಿಯನ್ನು. ಪ್ರೇಕ್ಷಕರ ಕಣ್ಣಲ್ಲಿ ನಾಯಕ ಸಣ್ಣವನಾಗಬಾರದಲ್ಲ! ನಿಜವೂ ಸುಳ್ಳೂ ಒಂದೇ ಉಸಿರಿನಲ್ಲಿ ಬಂದರೆ ಬಿಡಿಸಿಕೊಳ್ಳುವುದು ಹೇಗೆ, ನೀವೇ ಹೇಳಿ.

2015ರಲ್ಲಿ ಬಂದ 'ಹ್ಯಾಮಿಲ್ಟನ್' ಇನ್ನೂ ದೊಡ್ಡ ಅಲೆಯೆಬ್ಬಿಸಿತು. ಲಿನ್-ಮ್ಯಾನುಯೆಲ್ ಮಿರಾಂಡಾ ಅವರು ರಾನ್ ಚೆರ್ನೋ ಬರೆದ ಜೀವನಚರಿತ್ರೆಯನ್ನು ಆಧರಿಸಿ, ಸಂಸ್ಥಾಪಕರ ಬಾಯಲ್ಲಿ ರ‍್ಯಾಪ್ ಹಾಡಿಸಿದರು. ಬಿಳಿಯರ ಪಾತ್ರಗಳನ್ನು ಕಪ್ಪು ಮತ್ತು ಲ್ಯಾಟಿನೋ ಕಲಾವಿದರಿಗೆ ಕೊಟ್ಟರು. ಅದೇ ವರ್ಷ ಅಮೆರಿಕದ ಖಜಾನೆ 10 ಡಾಲರ್ ನೋಟಿನ ಮೇಲೆ ಹ್ಯಾಮಿಲ್ಟನ್‌ಗಿದ್ದ ಸ್ಥಾನವನ್ನು ಮಹಿಳೆಯೊಬ್ಬರಿಗೆ ಕೊಡುವ ಯೋಚನೆ ಪ್ರಕಟಿಸಿತ್ತು. 2016ರಲ್ಲಿ ಅದನ್ನು ಬದಲಿಸಿ ಆತನನ್ನು ಅಲ್ಲೇ ಉಳಿಸಿತು. ನಾಟಕದ ಜನಪ್ರಿಯತೆಯೂ ಇದಕ್ಕೊಂದು ಕಾರಣವೆಂದು ಆಗ ಅನೇಕರು ಮಾತಾಡಿಕೊಂಡರು.

ನಾಟಕದ ಹ್ಯಾಮಿಲ್ಟನ್ ಗುಲಾಮಗಿರಿಯ ಕಡುವಿರೋಧಿ. ನಿಜಜೀವನದಲ್ಲಿ ಆತ ಗುಲಾಮರ ವಿಮೋಚನೆಗಾಗಿ ಇದ್ದ ಸಂಘದ ಸದಸ್ಯನಾಗಿದ್ದದ್ದು ಹೌದು. ಆದರೆ ಆತನ ಲೆಕ್ಕದ ಪುಸ್ತಕದಲ್ಲಿ ಗುಲಾಮರ ಖರೀದಿಯ ದಾಖಲೆಗಳೂ ಇವೆ. ಸಂಸ್ಥಾಪಕರು ಈ ವಿಷಯದಲ್ಲಿ ಕೈಕಟ್ಟಿ ಕುಳಿತದ್ದನ್ನು ಕುರಿತು ಮಿರಾಂಡಾ ಒಂದು ಹಾಡು ಬರೆದಿದ್ದರು. ಅದು ರಂಗಕ್ಕೆ ಬರಲಿಲ್ಲ. ನನಗಂತೂ, ನಾಟಕಕ್ಕೆ ಅತಿ ಅಗತ್ಯವಾಗಿದ್ದ ಹಾಡು ಅದೇ ಎನಿಸುತ್ತದೆ.

2016ರಿಂದ ನ್ಯೂಯಾರ್ಕಿನ ಬಡ ಕುಟುಂಬಗಳ ಪ್ರೌಢಶಾಲಾ ಮಕ್ಕಳಿಗೆ 10 ಡಾಲರಿಗೆ ಈ ನಾಟಕ ತೋರಿಸುವ ಯೋಜನೆ ನಡೆಯಿತು. ಅವರಿಗೊಂದು ಷರತ್ತಿತ್ತು: ಮೊದಲು ಆ ಕಾಲದ ಪತ್ರ, ದಾಖಲೆಗಳನ್ನು ಓದಬೇಕು, ಆಮೇಲೆ ತಾವೇ ಒಂದು ಹಾಡನ್ನೋ ದೃಶ್ಯವನ್ನೋ ಕಟ್ಟಬೇಕು. ಅವರ ಓದಿಗೆ ಕೊಟ್ಟ ವ್ಯಕ್ತಿಗಳಲ್ಲಿ ಫಿಲಿಸ್ ವೀಟ್ಲಿ ಕೂಡ ಇದ್ದಳು. ಗುಲಾಮಳಾಗಿದ್ದಾಗಲೇ, 1773ರಲ್ಲಿ, ತನ್ನ ಕವನ ಸಂಕಲನವನ್ನು ಪ್ರಕಟಿಸಿದ ಆ ತರುಣಿಗೆ 'ಹ್ಯಾಮಿಲ್ಟನ್' ನಾಟಕದಲ್ಲಿ ಪಾತ್ರವೇ ಇಲ್ಲ.