ಸಾಲದ ಪುಸ್ತಕದಲ್ಲಿ ಮಗಳ ಶಾಲೆ
(ಹುಂಚದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕಬೇಕೋ, ಖಾಸಗಿ ಶಾಲೆಗೋ, ಮಠದ ಶಾಲೆಗೋ ಎಂಬ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿರಿ. ವರದಕ್ಷಿಣೆ, ಹೊಡೆತ-ಬಡಿತದ ವಿಷಯ ಮಾತಾಡುವ ನಮಗೂ ಇದಕ್ಕೂ ಏನು ಸಂಬಂಧ ಎಂದು ಮೊದಲು ಅನಿಸಿತ್ತು. ಊಟಕ್ಕೆ ಮುಂಚೆ ನಿಮ್ಮ ಸಾಲದ ಪುಸ್ತಕ ನೋಡುತ್ತ ಕೂತಾಗ ಸಂಬಂಧ ಸಿಕ್ಕಿತು. ‘ಸಾಲದ ಉದ್ದೇಶ’ ಎಂಬಲ್ಲಿ ‘ಮಗನ ಶಾಲೆ ಫೀಸು’ ಎಂದು ಹಲವು ಕಡೆ ಇದೆ. ‘ಮಗಳ ಮದುವೆ’ ಎಂದೂ ಇದೆ. ‘ಮಗಳ ಶಾಲೆ ಫೀಸು’ ಎಂದು ಒಂದು ಕಡೆಯೂ ಕಾಣಲಿಲ್ಲ. ನಿಮ್ಮನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನ್ನ ತವರಿನಲ್ಲೂ ಹೀಗೇ ಇತ್ತು. ಅಣ್ಣನಿಗೆ ಶಿವಮೊಗ್ಗದಲ್ಲಿ ರೂಮು ಮಾಡಿಕೊಟ್ಟರು. ನಾನು ಎಂ.ಎ. ಓದಿದ್ದು ಅಮ್ಮ ಎರಡು ದಿನ ಊಟ ಬಿಟ್ಟು ಕೂತದ್ದರಿಂದ.

ನಮ್ಮ ಮಲೆನಾಡಿನ ಲೆಕ್ಕ ನೋಡಿ. ಹುಡುಗನಿಗೆ ಇಂಗ್ಲಿಷ್ ಮೀಡಿಯಂ, ಮನೆ ಬಾಗಿಲಿಗೆ ವ್ಯಾನು. ಅವನ ತಂಗಿ ಅದೇ ದಾರಿಯಲ್ಲಿ ಕೊಡೆ ಹಿಡಿದು ಸರ್ಕಾರಿ ಶಾಲೆಗೆ ನಡೆಯುತ್ತಾಳೆ. ಅಡಿಕೆ ಸುಲಿಯುವ ಕಾಲ ಬಂದರೆ ಅದೂ ಇಲ್ಲ. ಅವನಿಗೆ ಹಾಕಿದ ದುಡ್ಡು ಬರುವ ಸೊಸೆಯ ಮನೆಯಿಂದ ವಸೂಲಾಗಬೇಕು. ಇವಳಿಗೆ ಹಾಕದೆ ಉಳಿಸಿದ ದುಡ್ಡು ಅಳಿಯನ ಮನೆಗೆ ಹೋಗಬೇಕು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯಿದೆ ಬಂತು. ಅದು ಮದುವೆಯ ಸುತ್ತ ನಡೆದ ಕೊಡು-ಕೊಳ್ಳುವುದನ್ನು ಹುಡುಕುತ್ತದೆ. ನಾವು ಒಂದನೇ ತರಗತಿಗೆ ಸೇರಿಸುವ ದಿನವೇ ಅದನ್ನು ಶುರು ಮಾಡಿರುತ್ತೇವೆ.

ಹಾಗೆಂದು ಸರ್ಕಾರಿ ಶಾಲೆ ಕೀಳು ಎಂದಲ್ಲ. ನನ್ನ ವಿದ್ಯಾರ್ಥಿನಿಯರಲ್ಲಿ ತಪ್ಪಿಲ್ಲದೆ ಒಂದು ಅರ್ಜಿ ಬರೆಯಬಲ್ಲವರು ಹೆಚ್ಚಾಗಿ ಅಲ್ಲಿಂದ ಬಂದವರೇ. ಖಾಸಗಿ ಶಾಲೆಯೂ ಬೇಡವೆನ್ನುವುದಿಲ್ಲ. ಮಗು ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ಪೋಷಕರು ಆರಿಸಬಹುದು ಎಂದು 2014ರಲ್ಲಿ ನಮ್ಮ ರಾಜ್ಯದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು ಹೇಳಿತು. ಪೋಷಕರು ಅಂದರೆ ಯಾರು? ಫೀಸಿನ ಸಾಲ ನಿಮ್ಮ ಹೆಸರಿನಲ್ಲಿ, ವಾರದ ಕಂತು ನಿಮ್ಮ ಕೂಲಿಯಿಂದ. ಶಾಲೆ ಆರಿಸುವಾಗ ಮಾತ್ರ ನಿಮ್ಮನ್ನು ಯಾರೂ ಕೇಳುವುದಿಲ್ಲ.

ಮಠಗಳ ಉಪಕಾರವನ್ನು ನಾನು ಮರೆಯಲಾರೆ. ಸಿದ್ಧಗಂಗೆಯಂಥ ಕಡೆ ಎಷ್ಟೋ ಬಡ ಹುಡುಗರು ಅನ್ನ ಉಂಡು ಅಕ್ಷರ ಕಲಿತರು. ಸೇರಿಸುವ ಮೊದಲು ಎರಡು ಮಾತು ಕೇಳಿ: ಹೆಣ್ಣುಮಕ್ಕಳಿಗೂ ಹಾಸ್ಟೆಲು ಇದೆಯೇ? ಗಣಿತ, ವಿಜ್ಞಾನ ಕಲಿಸಿ ಎಸ್ಸೆಸ್ಸೆಲ್ಸಿಗೆ ಕೂರಿಸುತ್ತೀರಾ? ಕೇಳಿದರೆ ಅಪಚಾರವೇನಲ್ಲ. ಇಲ್ಲಿಯ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ, ತೀರಿಹೋದ ಸಹೋದರಿಯ ಮಕ್ಕಳನ್ನು ತನ್ನವೆಂದೇ ಸಾಕಿದ ಹೆಂಗಸು.

ಇನ್ನು ಮನೆಯಲ್ಲೇ ಓದಿಸುವುದು. ನಂಜನಗೂಡು ತಿರುಮಲಾಂಬ ಬಾಲವಿಧವೆ. ತಂದೆ ಮನೆಯಲ್ಲೇ ಕಲಿಸಿದರು, ಆಕೆ ಮುಂದೆ ಲೇಖಕಿಯಾಗಿ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಅಂಥ ತಂದೆ ಎಷ್ಟು ಮನೆಯಲ್ಲಿದ್ದಾರೆ? ‘ಮನೆಯಲ್ಲೇ ಓದಿಕೊಂಡು ಪರೀಕ್ಷೆ ಕಟ್ಟುತ್ತಾಳೆ’ ಎಂದು ಬಿಡಿಸಿದ ಹುಡುಗಿಯರನ್ನು ನಾನು ಕಂಡದ್ದು ಒಲೆಯ ಮುಂದೆ.

ಈಗ ನನ್ನ ಮನಸ್ಸಿಗೆ ಅಂಟಿಕೊಂಡ ಒಂದು ಸಂಗತಿ ಹೇಳುತ್ತೇನೆ. ಒಂದು ರಾತ್ರಿ ಒಬ್ಬ ಹೆಣ್ಣುಮಗಳು ಎರಡು ಮಕ್ಕಳೊಡನೆ ನನ್ನ ಮನೆಗೆ ಬಂದಳು. ಕೆನ್ನೆ ಬಾತಿತ್ತು. ಮೂರನೇ ದಿನ, ‘ವಾಪಸು ಹೋಗ್ತೀನಿ ಮೇಡಂ’ ಅಂದಳು. ಯಾಕೆ ಎಂದರೆ ಮಕ್ಕಳ ಶಾಲೆ. ಖಾಸಗಿ ಶಾಲೆಯವರು ಬಾಕಿ ಫೀಸು ಕಟ್ಟಿ, ತಂದೆಯ ಸಹಿ ತನ್ನಿ, ಆಮೇಲೆ ಟಿ.ಸಿ. ಅಂದಿದ್ದರು. ಹೊಡೆತಕ್ಕೆ ಹೆದರದವಳು ಒಂದು ಕಾಗದಕ್ಕೆ ಸೋತಿದ್ದಳು.

ಅವಳಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 5ನೇ ಕಲಮಿನಂತೆ 6ರಿಂದ 14 ವರ್ಷದ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಯಿಸಿಕೊಳ್ಳಬಹುದು, ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ತಿರುಗಿಸಿ ಕಳಿಸುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಿಸಬಹುದು, ಅವರ ಖರ್ಚನ್ನೂ ಕೇಳಬಹುದು. ನೊಂದದ್ದು ಮಗುವೇ ಆಗಿದ್ದರೆ ಅದರ ಶಾಲೆಗೆ ಅವನು ಕಾಲಿಡದಂತೆ ನ್ಯಾಯಾಲಯ ಆದೇಶ ಮಾಡಬಹುದು. ಅರ್ಜಿ ಕೊಡಲು ತಾಲ್ಲೂಕಿನ ಸಿ.ಡಿ.ಪಿ.ಓ. ಅವರನ್ನು ನೋಡಿ, ಅಂಗನವಾಡಿಯ ಮೇಲಧಿಕಾರಿ, ಅವರೇ ಸಂರಕ್ಷಣಾಧಿಕಾರಿಯೂ ಹೌದು.

ಮರುದಿನ ನಾವಿಬ್ಬರೂ ಊರಿನ ಸರ್ಕಾರಿ ಶಾಲೆಗೆ ಹೋದೆವು. ಹೆಡ್‌ಮಾಸ್ಟರು ಮಕ್ಕಳನ್ನು ಒಳಗೆ ಕೂರಿಸಿ, ‘ಊಟದ ಹೊತ್ತಾಯ್ತು, ತಟ್ಟೆ ತಂದಿದ್ದೀರಾ?’ ಎಂದರು. ಅಷ್ಟೇ ಕೇಳಿದ್ದು. ಅವಳು ವಾಪಸು ಹೋಗಲಿಲ್ಲ.

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ಮಕ್ಕಳ ಜನನ ಪತ್ರ, ಅಂಕಪಟ್ಟಿ, ಆಧಾರ್ ಇವುಗಳ ಜೆರಾಕ್ಸ್ ತನ್ನಿ, ಸಂಘದ ಪೆಟ್ಟಿಗೆಯಲ್ಲಿಡಿ. ರಾತ್ರಿ ಹೊರಟವಳ ಕೈಗೆ ಬೀರುವಿನ ಕೀಲಿ ಸಿಗುವುದಿಲ್ಲ. ಆ ಹೆಣ್ಣುಮಗಳ ಮಕ್ಕಳ ಕಾಗದಗಳು ಈಗಲೂ ನನ್ನ ಕಪಾಟಿನಲ್ಲಿವೆ. ತೆಗೆದುಕೊಂಡು ಹೋಗೇ ಎಂದರೆ, ‘ಅಲ್ಲೇ ಇರಲಿ ಮೇಡಂ’ ಅನ್ನುತ್ತಾಳೆ.