ಮಧುಗಿರಿ ಬೆಟ್ಟ ಜ್ವಾಲಾಮುಖಿಯೇ?



ಮಧುಗಿರಿ ಬೆಟ್ಟ ಹಿಂದೊಮ್ಮೆ ಬೆಂಕಿ ಉಗುಳುತ್ತಿತ್ತೇ ಎಂದು ಕೇಳುವವರುಂಟು. ಇಲ್ಲ, ಅದು ಜ್ವಾಲಾಮುಖಿಯಲ್ಲ. ಆದರೆ ಆ ಕಲ್ಲು ಒಂದು ಕಾಲಕ್ಕೆ ಕರಗಿದ ಪಾಕವಾಗಿತ್ತೆಂಬುದು ನಿಜ. ಪಾಕ ಮೇಲಕ್ಕೆ ಬರಲಾರದೆ ನೆಲದೊಳಗೇ ಉಳಿಯಿತು.

ಭೂಗರ್ಭದಲ್ಲಿ ಕರಗಿದ ಕಲ್ಲಿಗೆ ಶಿಲಾಪಾಕವೆಂದೂ ಅದು ಹೊರಬಿದ್ದರೆ ಲಾವಾ ಎಂದೂ ಹೆಸರು. ತೆಳುವಾದ ಪಾಕ ಬಿರುಕು ಸಿಕ್ಕಲ್ಲಿ ಮೇಲೇರಿ ಹರಿಯುತ್ತದೆ. ಬೇಗ ಆರುವುದರಿಂದ ದೊಡ್ಡ ಹರಳು ಕಟ್ಟಲು ಅದಕ್ಕೆ ಪುರಸೊತ್ತಿಲ್ಲ. ನುಣ್ಣನೆಯ ಕರಿಗಲ್ಲು, ಅಂದರೆ ಬಸಾಲ್ಟ್, ಆಗುತ್ತದೆ. ಬೆಳಗಾವಿ, ವಿಜಯಪುರ ಕಡೆಯ ಎರೆಭೂಮಿಯ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಅಂಥ ಲಾವಾ. ಗ್ರಾನೈಟಿನ ಪಾಕವಾದರೋ ಸಿಲಿಕಾ ಹೆಚ್ಚಿದ್ದು, ಅಂಟಂಟು. ಅದು ಹಲವು ಕಿಲೋಮೀಟರ್ ಆಳದಲ್ಲೇ ಸಿಕ್ಕಿಕೊಂಡು, ಕಲ್ಲಿನ ಹೊದಿಕೆಯೊಳಗೆ ಬಹುಕಾಲ ಮೆಲ್ಲಗೆ ಆರಿತು. ಸಕ್ಕರೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಟ್ಟರೆ ಕಲ್ಲುಸಕ್ಕರೆ ಕಟ್ಟುವುದಿಲ್ಲವೇ, ಹಾಗೆ ದಪ್ಪ ಹರಳು ಕಟ್ಟಿತು. ಹೊಸದಾಗಿ ಒಡೆದ ಬಂಡೆಯನ್ನು ನೋಡಿ: ನಸುಗೆಂಪು ಹರಳು ಫೆಲ್ಡ್‌ಸ್ಪಾರ್, ಗಾಜಿನಂಥದು ಬೆಣಚು, ಕಪ್ಪಗೆ ಮಿನುಗುವುದು ಕಾಗೆಬಂಗಾರದ ಜಾತಿ.

ಈ ಕಲ್ಲಿಗೆ ವಿಜ್ಞಾನಿಗಳಿಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಬಂದದ್ದು. ಸುಮಾರು 252 ಕೋಟಿ ವರ್ಷ ವಯಸ್ಸಿನ ಈ ಶಿಲಾಪಟ್ಟಿ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಬಳ್ಳಾರಿ ಸೀಮೆಯತ್ತ ಸಾಗುತ್ತದೆ. ಒಟ್ಟು ಉದ್ದ ಸುಮಾರು 400 ಕಿಲೋಮೀಟರ್. ಮೇಲಿನ ಕಲ್ಲೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಗಿ, ಆಳದಲ್ಲಿದ್ದದ್ದು ಬೆಟ್ಟವಾಗಿ ಕಾಣಿಸಿಕೊಂಡಿತು. ಮೇಲಿನ ಭಾರ ಇಳಿದಂತೆ ಬಂಡೆ ಹಿಗ್ಗಿ ಈರುಳ್ಳಿಯಂತೆ ಪದರಪದರವಾಗಿ ಸುಲಿಯುತ್ತದೆ. ಮಧುಗಿರಿಯ ಏಕಶಿಲೆ ಅಷ್ಟು ನುಣುಪಾದದ್ದು ಹೀಗೆ. ಅದು ಏಷ್ಯಾದಲ್ಲಿ ಎಷ್ಟನೆಯದೆಂಬ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುವವನಲ್ಲ.

ಪಶ್ಚಿಮದಲ್ಲಿ ಶಿರಾ ಬಯಲು. ಅಲ್ಲಿನದು ಹೆಚ್ಚಾಗಿ ಗ್ರಾನೈಟಿಗಿಂತ ಹಳೆಯ, ಪಟ್ಟೆಪಟ್ಟೆಯ ನೈಸ್ ಕಲ್ಲು. ನಿಜವಾದ ಲಾವಾ ನೋಡಬೇಕೆಂದರೆ ಶಿರಾದಿಂದ ಹಿರಿಯೂರು ದಾಟಿ ಐಮಂಗಲದ ಬಳಿಯ ಮರಡಿಹಳ್ಳಿಗೆ ಹೋಗಿ. ನೀರಿನಡಿ ಉಕ್ಕಿದ ಲಾವಾ ಅಲ್ಲಿ ದಿಂಬು ಪೇರಿಸಿದಂತೆ ಹೆಪ್ಪುಗಟ್ಟಿದೆ. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಇದರಿಂದ ನಮಗೇನು ಎನ್ನಬಹುದು. ನಮ್ಮ ಕೊಡದ ನೀರಿಗೂ ಇದಕ್ಕೂ ನಂಟಿದೆ. ಒತ್ತಾಗಿ ಹೆಣೆದ ಹರಳುಗಳ ಈ ಕಲ್ಲು ನೀರು ಹೀರದು. ಬಿರುಕುಗಳಲ್ಲಿ ನಿಂತಷ್ಟೇ ನೀರು. ಕೊಳವೆಬಾವಿ ಆಳಕ್ಕಿಳಿದಷ್ಟೂ ಸಾಮಾನ್ಯವಾಗಿ ಸಿಗುವುದು ಕಲ್ಲಿನೊಡನೆ ಬಹುಕಾಲ ಕಳೆದ ನೀರು. ಕರಿ ಕಾಗೆಬಂಗಾರದಂಥ ಖನಿಜಗಳಲ್ಲಿರುವ ಫ್ಲೋರೈಡ್ ಅದರಲ್ಲಿ ಕರಗಿಬಿಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಏರಿದರೆ ಮೂಳೆ ಬಿಗಿಯುತ್ತದೆ. ಪಾವಗಡದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆ ತುಂಬಿಸಿದ ಕೆರೆಯ ನೀರಿಗೆ ಕಲ್ಲಿನ ಸಹವಾಸ ಕಡಿಮೆ. ಅದರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯಿರುವುದು ಅದಕ್ಕೇ.