ಇಪ್ಪತ್ತೆರಡು ವರ್ಷ ಗಾಡಿ ಹೊಡೆದವನಿಗೆ ಎಂಟು ಹಾಕೋದು ಬರಲಿಲ್ಲ

ನಾನು ಸದಲಗಾದವನು. ಚಿಕ್ಕೋಡಿ ತಾಲ್ಲೂಕು, ದೂಧಗಂಗಾ ನದಿ ದಂಡೆಯ ಊರು. ಸ್ವಲ್ಪ ಆಚೆ ಹೋದರೆ ಮಹಾರಾಷ್ಟ್ರ. ಊರಲ್ಲಿ ನಂದೊಂದು ಹಿಟ್ಟಿನ ಗಿರಣಿ ಐತಿ, ಜೊತೆಗೆ ಎರಡೂವರೆ ಎಕರೆ ಕಬ್ಬು. ವಯಸ್ಸು 44. ಇಪ್ಪತ್ತೆರಡು ವರ್ಷದಿಂದ ಗಾಡಿ ಹೊಡೀತೀನಿ. ನಮ್ಮ ಕಡೆ ಗಾಡಿ ಅಂದ್ರ ಮೋಟಾರ್ ಸೈಕಲ್. ಆ ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ವರ್ಷ ನನ್ನ ಕಡೆ ಲೈಸನ್ಸ್ ಇರಲಿಲ್ಲ. ಇವತ್ತು ಅದನ್ನೇ ಹೇಳಾಕ ಕುಂತೀನಿ.

ಯಾಕೆ ತೆಗೆಸಿರಲಿಲ್ಲ ಅಂದ್ರ, ಯಾರೂ ಕೇಳಿರಲಿಲ್ಲ. ಮನೆಯಿಂದ ಹೊಲ, ಹೊಲದಿಂದ ಗಿರಣಿ. ಬಹಳ ಅಂದ್ರ ಬೋರಗಾಂವ, ಇಚಲಕರಂಜಿ. ಪೊಲೀಸರು ನಿಂತಾರ ಅಂತ ಗೊತ್ತಾದರೆ ಹೊಲದ ದಾರಿ ಇದ್ದೇ ಇತ್ತು.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ನಮ್ಮ ಓಣಿಯವರೊಬ್ಬರು ತೀರಿಕೊಂಡರು. ರಾತ್ರಿ ಹೊತ್ತು, ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ರಸ್ತೆ ಮೇಲೆ ನಿಂತಿತ್ತು, ಹಿಂದೆ ಲೈಟ್ ಇರಲಿಲ್ಲ. ಇವರು ಹೋಗಿ ಹಿಂದಿನಿಂದ ಬಡಿದರು. ಗಾಡಿ ಅವರದೇ, ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಮಾಲೀಕನೇ ಗಾಡಿ ನಡೆಸುವಾಗ ಸತ್ತರೆ ಮನೆಯವರಿಗೆ 15 ಲಕ್ಷ ರೂಪಾಯಿ ಅಂತ ಅದೇ ಪಾಲಿಸಿಯಲ್ಲಿ ಬರೆದಿತ್ತು. ಅವರ ಹೆಂಡತಿ ನನಗೆ ವೈನಿ ಆಗಬೇಕು, ಕಾಗದಗಳನ್ನೆಲ್ಲ ಚೀಲದಲ್ಲಿ ಹಾಕ್ಕೊಂಡು ಗಿರಣಿಗೆ ಬಂದರು. ಓದಿ ಹೇಳು ಮೈದುನಾ ಅಂದರು. ಬೇಕಾದ ಕಾಗದಗಳ ಪಟ್ಟಿಯಲ್ಲಿ ಡ್ರೈವಿಂಗ್ ಲೈಸನ್ಸ್ ಪ್ರತಿ ಅಂತ ಇತ್ತು. ಅದು ಇರಲಿಲ್ಲ. ಹಣವೂ ಬರಲಿಲ್ಲ.

ಮೊದಲು ನಾವೆಲ್ಲ ಕಂಪನಿಯವರನ್ನ ಬೈದೆವು. ಆಮೇಲೆ ಮನೆಗೆ ಹೋಗಿ ನನ್ನದೇ ಪಾಲಿಸಿ ತೆಗೆದು ನೋಡಿದೆ. ಅದರಲ್ಲೂ ಅದೇ ಷರತ್ತು. ಅಷ್ಟೇ ಅಲ್ಲ, ನನ್ನ ಗಾಡಿ ಯಾರಿಗಾದರೂ ಬಡಿದರೆ ಕಂಪನಿ ಅವರಿಗೆ ಪರಿಹಾರ ಕೊಟ್ಟು, ಲೈಸನ್ಸ್ ಇರಲಿಲ್ಲ ಅಂತ ಆ ದುಡ್ಡನ್ನ ನನ್ನಿಂದ ವಸೂಲಿ ಮಾಡಬಹುದು. ಅಂದ್ರ ಎರಡೂವರೆ ಎಕರೆಯನ್ನ ನಾನು ದಿನಾ ರಸ್ತೆ ಮೇಲೆ ಪಣಕ್ಕಿಟ್ಟು ತಿರುಗುತ್ತಿದ್ದೆ.

ಇನ್ನೊಂದು ಕಾರಣ ಮನೆಯೊಳಗೇ ಇತ್ತು. ಮಗನಿಗೆ 17. ಕೀಲಿ ಕೊಡು ಅಂತ ದಿನಾ ಗಂಟುಬಿದ್ದಿದ್ದ. ಲೈಸನ್ಸ್ ಇಲ್ಲದೆ ಮುಟ್ಟಬ್ಯಾಡ ಅಂದೆ. ಅವನು ಸುಮ್ಮನೆ ನನ್ನ ಮುಖ ನೋಡಿ, "ನಿನ್ನ ಕಡೆ ಐತೇನಪಾ?" ಅಂದ. ಇವಳು ಒಳಗೆ ರೊಟ್ಟಿ ಬಡಿಯೋದು ನಿಲ್ಲಿಸಿದಳು.

ಚಹಾದ ಅಂಗಡಿಯಲ್ಲಿ ಒಬ್ಬರು, "ಯಾರಿಗರ ಹೇಳಿ ಮಾಡಿಸೋಣು ಬಿಡು, ಈ ವಯಸ್ಸಿನಾಗ ಎಲ್ಲಿ ಎಂಟು ಹಾಕ್ತಿ" ಅಂದರು. ವೈನಿಯ ಚೀಲ ನೋಡಿದ ಮೇಲೆ ಅದು ಮನಸ್ಸಿಗೆ ಬರಲಿಲ್ಲ.

ಕಂಪ್ಯೂಟರ್ ಅಂಗಡಿಗೆ ಹೋಗಿ ಸಾರಥಿ ವೆಬ್‌ಸೈಟ್‌ನಲ್ಲಿ ಎಲ್ಎಲ್‌ಗೆ ಅರ್ಜಿ ಹಾಕಿದೆ. ನಲವತ್ತು ದಾಟಿದವರು ಡಾಕ್ಟರ ಸಹಿ ಇರುವ ಫಾರಂ 1-ಎ ಕೊಡಬೇಕು, ಇದನ್ನ ಬಹಳ ಜನ ಮರೆತು ಎರಡು ಸಲ ಓಡಾಡ್ತಾರ. ಪ್ರಶ್ನೆಗಳು ಕನ್ನಡದಲ್ಲೇ ಬರ್ತಾವ. ನೂರಕ್ಕೆ 60 ಸರಿ ಇದ್ದರೆ ಪಾಸ್. ನಾನು ಅಂತೂ ಪಾಸಾದೆ, ಆದರೆ ಬಲಗೈ ಉದ್ದಕ್ಕೆ ಚಾಚಿ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ಏನು ಅರ್ಥ ಅನ್ನೋದು ಗೊತ್ತಿರಲಿಲ್ಲ. ವೇಗ ಕಡಿಮೆ ಮಾಡ್ತೀನಿ ಅಂತ ಅರ್ಥ. ಟ್ರ್ಯಾಕ್ಟರಿನವರು ಯಾರಾದರೂ ಹಂಗ ಮಾಡಿದ್ದನ್ನ ನಾನಂತೂ ನೋಡಿಲ್ಲ.

ಎಲ್ಎಲ್ ಬಂದ ಮೇಲೆ 30 ದಿನ ಬಿಟ್ಟು ಟೆಸ್ಟ್. ಎಲ್ಎಲ್ 6 ತಿಂಗಳು ನಡೀತೈತಿ. ಅಲ್ಲಿತನಕ ಗಾಡಿಗೆ ಬಿಳಿ ಹಲಗೆ ಮೇಲೆ ಕೆಂಪು 'ಎಲ್' ಹಾಕಬೇಕು. ಲೈಸನ್ಸ್ ಇದ್ದು ಕಲಿಸುವವರನ್ನ ಬಿಟ್ಟರೆ ಹಿಂದೆ ಯಾರನ್ನೂ ಕೂಡಿಸುವಂಗಿಲ್ಲ. ಇಪ್ಪತ್ತೆರಡು ವರ್ಷ ಹೊಡೆದವನು 'ಎಲ್' ಹಚ್ಚಿಕೊಂಡು ಪ್ಯಾಟ್ಯಾಗ ಹೋದರೆ ಜನ ಬಿಡ್ತಾರೇನ್ರಿ? ಇವಳು ತವರಿಗೆ ಹೋಗಾಕ ಬಸ್ಸು ಹತ್ತಬೇಕಾಯಿತು. ಅದನ್ನ ಇವತ್ತಿಗೂ ಹೇಳ್ತಾಳ.

ಟೆಸ್ಟ್ ದಿನ ಚಿಕ್ಕೋಡಿಗೆ ಹೋದೆ. ತಯಾರಿ ಅಂತ ಏನೂ ಮಾಡಿರಲಿಲ್ಲ. ಕನ್ನಡಿ ಹಿಂದಿನ ರಾತ್ರಿ ಹಚ್ಚಿದ್ದೆ, ಅವು ಎಂಟು ವರ್ಷದಿಂದ ಅಟ್ಟದ ಮೇಲಿದ್ದವು. ನನ್ನ ಮುಂದೆ ಒಂದು ಹುಡುಗಿ ಇತ್ತು, ಕಾಲೇಜಿನದು. ಸಾವಕಾಶ ಎಂಟು ಹಾಕಿ ಹೋಯಿತು. ನನ್ನ ಪಾಳಿ ಬಂತು. ಮೊದಲ ಸುತ್ತು ಚಲೋ ಆಯಿತು. ನಡುವೆ ಎರಡೂ ಗೆರೆ ಕೂಡುವಲ್ಲಿ ಗೆರೆ ತಪ್ಪೀತು ಅಂತ ಮುಂದಿನ ಗಾಲಿ ನೋಡಿದೆ, ಹ್ಯಾಂಡಲ್ ಹೊರಳಿದಾಗಲೇ ಮುಂದಿನ ಬ್ರೇಕ್ ಹಿಡಿದೆ. ಗಾಡಿ ವಾಲಿತು, ಕಾಲು ನೆಲಕ್ಕೆ ಹೋಯಿತು. ಸಾಹೇಬರು ಬೈಯಲಿಲ್ಲ. "ಕಾಲು ಇಟ್ರಿ. ಏಳು ದಿನ ಬಿಟ್ಟು ಬರ್ರಿ" ಅಂದರು. ಕಾಯ್ದೆಯೇ ಹಂಗೈತಿ, ನಪಾಸಾದರೆ 7 ದಿನ, ಮೂರು ಸಲ ನಪಾಸಾದರೆ 60 ದಿನ ಕಾಯಬೇಕು.

ವಾಪಸ್ ಬರುವಾಗ ದಾರಿ ತುಂಬ ಅದೇ ವಿಚಾರ. ಜೋರಾಗಿ ಹೋಗುವಾಗ ಗಾಡಿ ತಾನೇ ನೆಟ್ಟಗೆ ನಿಲ್ಲತೈತಿ ರೀ, ಅದರಾಗ ನಮ್ಮ ಶಾಣ್ಯಾತನ ಏನೂ ಇಲ್ಲ. ಸಾವಕಾಶ ಹೋಗುವಾಗ ನಾವು ನಿಲ್ಲಿಸಬೇಕು. ಇಪ್ಪತ್ತೆರಡು ವರ್ಷ ನಾನು ಸಾವಕಾಶ ಹೋಗೇ ಇರಲಿಲ್ಲ. ರಸ್ತೆ ಮೇಲೆ ಕಬ್ಬು ಬಿದ್ದಿರಲಿ, ಎತ್ತಿನ ಗಾಡಿ ಅಡ್ಡ ಬರಲಿ, ಹಾರ್ನ್ ಹೊಡೆದು ಸಂದಿಯಲ್ಲಿ ನುಗ್ಗೋದು, ಇಲ್ಲಾ ಕಾಲು ಕೊಡೋದು.

ಗಿರಣಿ ಹಿಂದೆ ಬಯಲು ಜಾಗ ಐತಿ. ನೆಲಕ್ಕೆ ಉದುರಿ ಹಾಳಾದ ಹಿಟ್ಟಿನಿಂದ ಎಂಟು ಬರೆದೆ. ಮರುದಿನ ಮುಂಜಾನೆ ನೋಡಿದರೆ ಅರ್ಧ ಎಂಟು ಕೋಳಿ ತಿಂದಿದ್ದವು, ಉಳಿದರ್ಧಕ್ಕೆ ಇರುವೆ. ಆಮೇಲೆ ಸುಣ್ಣದ ಪುಡಿ ತಂದೆ. ಮೊದಲು ದೊಡ್ಡ ಎಂಟು, ಅದು ಕೈಗೆ ಹತ್ತಿದ ಮೇಲೆ ಅದರೊಳಗೆ ಸಣ್ಣದು.

ಕಲಿತದ್ದನ್ನ ಹೇಳ್ತೀನಿ, ಟೆಸ್ಟ್ ಕೊಡುವವರಿದ್ದರೆ ಕಿವಿಗೊಟ್ಟು ಕೇಳ್ರಿ. ಗಾಲಿ ನೋಡಬ್ಯಾಡ್ರಿ. ಮುಂದೆ ಎಲ್ಲಿಗೆ ಹೊರಳಬೇಕೋ ಆ ಕಡೆ ಕುತ್ತಿಗೆ ತಿರುಗಿಸಿ ನೋಡ್ರಿ, ಕಣ್ಣು ಹೋದ ಕಡೆ ಗಾಡಿ ಹೋಗತೈತಿ. ಒಂದನೇ ಗೇರ್, ಕ್ಲಚ್ ಪೂರಾ ಬಿಡಬಾರದು, ಪೂರಾ ಒತ್ತಲೂಬಾರದು. ಆ ನಡುವಿನ ಜಾಗವೊಂದು ಐತಲ್ಲ, ಅಲ್ಲಿ ಬೆರಳು ಇರಬೇಕು. ಆಕ್ಸಿಲೇಟರ್ ಒಂದೇ ಸಮ. ವೇಗ ಹೆಚ್ಚಾಯಿತು ಅನಿಸಿದರೆ ಹಿಂದಿನ ಬ್ರೇಕ್ ಮೇಲೆ ಕಾಲು ಹಗುರಾಗಿ ಇಡ್ರಿ, ಹ್ಯಾಂಡಲ್ ಹೊರಳಿದಾಗ ಮುಂದಿನ ಬ್ರೇಕಿಗೆ ಕೈ ಹಾಕಬ್ಯಾಡ್ರಿ. ಮೊಳಕಾಲು ಟಾಕಿಗೆ ಒತ್ತಿರಲಿ, ಭುಜ ಸಡಿಲ ಇರಲಿ. ನನಗೆ ಕಷ್ಟ ಆದದ್ದು ಭುಜವೇ. ನಾಲ್ಕನೇ ದಿನಕ್ಕೆ ಹಿಡಿತ ಬಂತು.

ಗಾಡಿಯ ತಯಾರಿಯೂ ಬೇಕು. ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ಎರಡೂ ಕನ್ನಡಿ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ. ತಲೆಗೆ ಹೆಲ್ಮೆಟ್, ಅದರ ಪಟ್ಟಿ ಹಾಕಿರಬೇಕು.

ಎಂಟನೇ ದಿನ ಮತ್ತೆ ಚಿಕ್ಕೋಡಿಗೆ ಹೋದೆ. ಎಂಟು ಹಾಕಿದೆ, ಕಾಲು ಇಡಲಿಲ್ಲ. ನಿಲ್ಲಿಸು ಅಂದಲ್ಲಿ ನಿಲ್ಲಿಸಿದೆ, ಹೊರಳುವ ಮುಂಚೆ ಕೈ ತೋರಿಸಿದೆ. ಅಷ್ಟೇ. ಕಾರ್ಡ್ ಆಮೇಲೆ ಕೈಗೆ ಬಂತು, 10 ವರ್ಷದ ಅವಧಿ. ಅವತ್ತೇ ಪಾಲಿಸಿಯ ನಾಮಿನಿ ಜಾಗದಲ್ಲಿ ಇವಳ ಹೆಸರು ಸರಿ ಐತೋ ಇಲ್ಲೋ ನೋಡಿದೆ.

ಮಗ ಈಗ ಬೇರೆ ವಾದ ತಂದಾನ. ಗೇರ್ ಇಲ್ಲದ ಗಾಡಿಗೆ 16 ಆದರೆ ಸಾಕಂತ. ಹೌದು, ಆದರೆ ಅದು 50 ಸಿಸಿ ತನಕ, ಮನೆಯವರ ಒಪ್ಪಿಗೆ ಇದ್ದರೆ. ಓಣಿಯಲ್ಲಿ ಹುಡುಗರು ಹೊಡೆಯುವ ಸ್ಕೂಟರ್‌ಗಳು 110 ಸಿಸಿ. 18 ಆಗದವರ ಕೈಗೆ ಅದನ್ನ ಕೊಟ್ಟು ಏನಾದರೂ ಆದರೆ, 2019ರ ತಿದ್ದುಪಡಿ ಪ್ರಕಾರ ತಂದೆಗೋ ಮಾಲೀಕನಿಗೋ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಇದನ್ನ ಅವನ ಮುಂದೆ ಓದಿ ಹೇಳಿದೆ. ಈ ಸಲ ಅವನು ತಿರುಗಿ ಕೇಳಲಿಲ್ಲ.

ಗಿರಣಿ ಹಿಂದಿನ ಸುಣ್ಣದ ಎಂಟು ಇನ್ನೂ ಐತಿ. ಸಂಜಿ ಮುಂದ ಅವನು ಅದರ ಮೇಲೆ ಸೈಕಲ್ ಹೊಡೀತಾನ, ಸಣ್ಣ ಎಂಟಿನೊಳಗೇ, ಕಾಲು ಇಡದಂಗ. ನನಗಿಂತ ಚಂದ ಹೊಡೀತಾನ. ಅವನಿಗೆ 18 ಆಗೋದು ಬರೋ ಮಳೆಗಾಲದಾಗ. ಅಷ್ಟರಲ್ಲಿ ಸುಣ್ಣ ತೊಳೆದು ಹೋಗಿರತೈತಿ, ಮತ್ತೊಮ್ಮೆ ಎಳೀಬೇಕು.